ಸಂದರ್ಭ ಸಹಿತ ಗುರುವಾರ

ಮನೆಗೆ ಬೆಂಕಿ ಬಿದ್ದಿದೆ ಎಂದು ನಮ್ಮ ಆತ್ಯಾಗೆ ತಿಳಿಸುವುದಕ್ಕಿಂತ ಆ ಬೆಂಕಿಯನ್ನು ನೀವೇ ಆರಿಸಿ ಬರುವುದು ಬೇಗ ಆಗುವ ಕೆಲಸ! ನೀವು "ಬೆಂಕಿ!" ಎಂದು ಕೂಗಿದಿರಿ ಅನ್ನಿ. ಅವಳು ಬಕೆಟ್ ಹುಡುಕುವುದಿಲ್ಲ. ಕನ್ನಡಕ ಸರಿಮಾಡಿಕೊಂಡು, "ಯಾರಂದ್ರು? ಯಾರಿಗಂದ್ರು? ಯಾವ ಸಂದರ್ಭದಾಗ ಅಂದ್ರು?" ಎಂದು ಕೇಳುತ್ತಾಳೆ. ಮೂರಕ್ಕೂ ಸರಿಯಾದ ಉತ್ತರ ಸಿಕ್ಕ ಮೇಲೆ ಬಕೆಟ್ಟಿನ ವಿಚಾರ.

ಆತ್ಯಾ ಎಂದರೆ ನನ್ನ ಅಪ್ಪನ ಅಕ್ಕ. ಧಾರವಾಡದಲ್ಲಿ ಹುಟ್ಟಿ, ಮದುವೆಯಾಗಿ ಪುಣೆಗೆ ಬಂದು, ಇಲ್ಲಿನ ಒಂದು ಕನ್ನಡ ಶಾಲೆಯಲ್ಲಿ ನಿವೃತ್ತಿಯಾಗುವವರೆಗೂ ಕನ್ನಡ ಕಲಿಸಿದವಳು. ನೀವು ಶಾಲೆಯಲ್ಲಿ ಕನ್ನಡ ಓದಿದ್ದರೆ ಆ ಪ್ರಶ್ನೆ ನಿಮ್ಮನ್ನೂ ಕಾಡಿರುತ್ತದೆ. "ಈ ಕೆಳಗಿನ ವಾಕ್ಯಗಳನ್ನು ಸಂದರ್ಭ ಸಹಿತ ವಿವರಿಸಿ." ಕೆಳಗೆ ತಲೆಯೂ ಇಲ್ಲದ ಬುಡವೂ ಇಲ್ಲದ ಒಂದು ವಾಕ್ಯ. ಅದು ಯಾವ ಪಾಠದ್ದು ಎಂದು ಬರೆದರೆ ಒಂದು ಅಂಕ, ಸಂದರ್ಭಕ್ಕೆ ಒಂದು, ಸ್ವಾರಸ್ಯಕ್ಕೆ ಒಂದು. ನಾವೆಲ್ಲ ಪರೀಕ್ಷೆ ಮುಗಿದ ಮಧ್ಯಾಹ್ನವೇ ಅದನ್ನು ಕೈತೊಳೆದು ಬಿಟ್ಟೆವು. ಆತ್ಯಾ ಬಿಡಲಿಲ್ಲ. ಜಗತ್ತಿನಲ್ಲಿ ಯಾರೇ ಬಾಯಿ ತೆರೆದರೂ ಅವಳಿಗೆ ಅದು ಮೂರು ಅಂಕದ ಪ್ರಶ್ನೆ. ನಾವು ಇದನ್ನು ಹೇಳಿಕೊಂಡು ವರ್ಷಗಟ್ಟಲೆ ನಕ್ಕೆವು. ಕಳೆದ ವರ್ಷ ಅವಳ ಗಂಡನ, ಅಂದರೆ ಮಾಮಾನ, ಮಾತು ನಿಂತುಹೋಯಿತು. ಅವರಿಗೆ ಏನು ಬೇಕು, ಏನು ಬೇಡ ಎಂಬುದೆಲ್ಲ ಆತ್ಯಾಳ ಈ ಹುಚ್ಚಿನ ಮೇಲೆಯೇ ನಿಂತಿತು. ಆ ಕಥೆಗೆ ಬರುತ್ತೇನೆ. ಮೊದಲು ಹುಚ್ಚಿನ ಪರಿಚಯವಾಗಲಿ.

ನಾನು ಅವಳ ಮನೆಯಲ್ಲೇ ಇದ್ದುಕೊಂಡು ಅದೇ ಶಾಲೆಯಲ್ಲಿ, ಅವಳ ತರಗತಿಯಲ್ಲೇ ಓದಿದ ದುರದೃಷ್ಟವಂತೆ. ಬೇರೆ ಮಕ್ಕಳಿಗೆ ಗಂಟೆ ಹೊಡೆದ ಕೂಡಲೇ ಬಿಡುಗಡೆ. ನನಗೆ ಮನೆಯಲ್ಲೂ ಅದೇ ಟೀಚರು! ಒಂದು ಬೆಳಿಗ್ಗೆ, "ಆತ್ಯಾ, ಹೊಟ್ಟಿ ನೋಯ್ಲಿಕತ್ತದ" ಎಂದೆ.

"ಗಣಿತ ಪರೀಕ್ಷಾಕ್ಕ ಮೊದಲೋ, ಪರೀಕ್ಷಾ ಮುಗಿದ ಮ್ಯಾಲೋ?"

"ಮೊದಲು" ಎಂದೆ, ತಲೆ ತಗ್ಗಿಸಿ.

"ಹಂಗಾರ ಅದು ಹೊಟ್ಟಿ ಅಲ್ಲ. ಚೀಲ ತಗೋ, ನಡಿ."

ಅವಳು ಹೇಳಿದ್ದು ತಪ್ಪೇ? ಅಲ್ಲ! ಅದೇ ನಮ್ಮೆಲ್ಲರ ದುಃಖ. ಆತ್ಯಾಳ ಕಾಟ ತಡೆಯಬಹುದಿತ್ತು, ಅವಳು ಹತ್ತರಲ್ಲಿ ಒಂಬತ್ತು ಸಲ ಸರಿಯಿರುತ್ತಿದ್ದುದನ್ನು ತಡೆಯುವುದು ಕಷ್ಟವಾಗಿತ್ತು.

ಪುಣೆಯ ರಿಕ್ಷಾದವರನ್ನು ನೀವು ಬಲ್ಲಿರಿ. ಎಲ್ಲಿಗೆ ಎಂದು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ "ನಾಹೀ ಯೇಣಾರ", ಅಂದರೆ ಬರುವುದಿಲ್ಲ ಎಂದು ಮುಖ ತಿರುಗಿಸುತ್ತಾರೆ. ನಾವು ಮುಂದಿನ ರಿಕ್ಷಾ ನೋಡಿಕೊಳ್ಳುತ್ತೇವೆ. ಆತ್ಯಾ ಮಾತ್ರ ಒಂದು ಸಲ ಅಲ್ಲೇ ನಿಂತು ತನ್ನ ಶುದ್ಧ ಮರಾಠಿಯಲ್ಲಿ ವಿಚಾರಣೆ ಶುರುಮಾಡಿದಳು. ಬರುವುದಿಲ್ಲ ಎಂದರೆ ಆ ಜಾಗಕ್ಕೆ ಬರುವುದಿಲ್ಲವೋ, ಈ ಹೊತ್ತಿನಲ್ಲಿ ಬರುವುದಿಲ್ಲವೋ, ನಮ್ಮ ಕೈಚೀಲಗಳನ್ನು ನೋಡಿ ಬರುವುದಿಲ್ಲವೋ? ಊಟದ ಸಮಯವಾಗಿದ್ದರೆ ಹಾಗೆ ಹೇಳಬಹುದಲ್ಲ? ಮನೆಯಲ್ಲಿ ಏನಾದರೂ ಬೇಜಾರೇ? ಆತ ಮೊದಲು ಸಿಟ್ಟಾದ. ಆಮೇಲೆ ಊಟದ ಸಮಯವೇ ಎಂದ. ಆಮೇಲೆ ಹೆಂಡತಿ ತವರಿಗೆ ಹೋಗಿದ್ದಾಳೆ, ಊಟವೇ ಇಲ್ಲ ಎಂದ. ಕೊನೆಗೆ ಮೀಟರು ತಿರುಗಿಸಿ "ಬಸಾ, ಆಜಿ" ಎಂದು ಕೂರಿಸಿಕೊಂಡ. ವಿವರಿಸುವುದಕ್ಕಿಂತ ಕರೆದೊಯ್ಯುವುದು ಸುಲಭ ಎಂದು ಅವನಿಗೆ ಹೊಳೆದಿರಬೇಕು.

ಅವಳ ಮನೆ ಇರುವುದು ಸದಾಶಿವ ಪೇಠದಲ್ಲಿ. ಆ ಓಣಿಯ ತುಂಬ ಕೋಚಿಂಗ್ ಕ್ಲಾಸುಗಳು. ಹೊಸ ಮಕ್ಕಳು ದಿನವಿಡೀ ದಾರಿ ಕೇಳಿ ತಲೆ ತಿನ್ನುತ್ತಾರೆಂದು ಮೂಲೆಯ ಝೆರಾಕ್ಸ್ ಅಂಗಡಿಯವರು ಮರಾಠಿಯಲ್ಲಿ ಒಂದು ಬೋರ್ಡು ಹಾಕಿದ್ದರು: "ಇಲ್ಲಿ ವಿಚಾರಿಸಬಾರದು." ಬೇರೆಯವರು ಓದಿ ಮುಂದೆ ಹೋದರು. ಆತ್ಯಾ ಒಳಗೆ ಹೋಗಿ ವಿಚಾರಿಸಿದಳು!

"ಏನನ್ನು ವಿಚಾರಿಸಬಾರದು?"

ಅಂಗಡಿಯವರು ಬೋರ್ಡಿನ ಕಡೆ ಬೆರಳು ತೋರಿಸಿದರು.

"ಅದನ್ನ ಓದೇ ಒಳಗ ಬಂದೀನಿ. ಝೆರಾಕ್ಸಿಗೆ ಎಷ್ಟು ಅಂತ ವಿಚಾರಿಸಬಹುದೋ ಬ್ಯಾಡೋ? ಅದನ್ನೂ ಕೇಳಬಾರದು ಅಂದ್ರ ನೀವು ಅಂಗಡಿ ಯಾಕ ತೆರದೀರಿ?" ಎಂದು ಇದನ್ನೇ ಮರಾಠಿಯಲ್ಲಿ ಕೇಳಿದಳಂತೆ. ಮುಂದಿನ ವಾರ ಅಲ್ಲಿ ಹೊಸ ಬೋರ್ಡು ಬಂತು. ವಿಳಾಸ, ಬಸ್ಸು, ಕ್ಲಾಸಿನ ಸಮಯ, ಬಾಡಿಗೆ ಕೋಣೆ, ಇವುಗಳನ್ನು ವಿಚಾರಿಸಬಾರದು, ಝೆರಾಕ್ಸ್ ದರ ವಿಚಾರಿಸಬಹುದು. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ: "ಬೋರ್ಡಿನ ಬಗ್ಗೆಯೂ ವಿಚಾರಿಸಬಾರದು." ಆತ್ಯಾ ಅದಕ್ಕೆ ಎರಡೂವರೆ ಅಂಕ ಕೊಟ್ಟಳು. ಸ್ವಾರಸ್ಯದಲ್ಲಿ ಅರ್ಧ ಕಡಿಮೆಯಂತೆ.

ಮೊಬೈಲು ಬಂದ ಮೇಲೆ ಅವಳ ಕೆಲಸ ಇನ್ನೂ ಹೆಚ್ಚಾಯಿತು. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಒಂದು ಸಲ ನನ್ನ ಚಿಕ್ಕಪ್ಪನ ಮಗ "ಇನ್ನೂ ಸಿಕ್ಕಿಲ್ಲ" ಎಂದು ಎರಡೇ ಪದ ಹಾಕಿದ. ಹತ್ತು ನಿಮಿಷದಲ್ಲಿ ಬೆಳಗಾವಿಯ ಅಜ್ಜಿ "ಸಿಗ್ತದ ಬಿಡಪ್ಪಾ, ಋಣಾನುಬಂಧ" ಎಂದು ಬರೆದರು. ಅವನಿಗೆ ಮದುವೆಯಾಗಿದೆ ಎಂಬುದನ್ನೇ ಮರೆತು ಹುಬ್ಬಳ್ಳಿಯವರು ತಮಗೆ ಗೊತ್ತಿರುವ ಇಬ್ಬರು ಹುಡುಗಿಯರ ವಿವರ ಕಳಿಸಿದರು. ಇನ್ನೊಬ್ಬರು ಅವನಿಗೆ ಕೆಲಸ ಹೋಗಿದೆ ಎಂದು ತಿಳಿದು ಧೈರ್ಯ ತುಂಬಿದರು. ಮೂವರು ಕೈಮುಗಿದರು. ಆಗ ಆತ್ಯಾ ಬಂದಳು: "ಏನು ಸಿಕ್ಕಿಲ್ಲ? ಯಾರಿಗೆ ಬರೆದದ್ದು? ಸಂದರ್ಭ ತಿಳಿಸು." ಅವನು ಬರೆದದ್ದು ಹೆಂಡತಿಗೆ. ತಪ್ಪಿ ಗುಂಪಿಗೆ ಬಿದ್ದಿತ್ತು. ಸಿಗದೇ ಇದ್ದದ್ದು ಕುಕ್ಕರಿನ ರಬ್ಬರ್ ರಿಂಗು. ಹುಡುಗಿಯರ ವಿವರವನ್ನು ಅವನ ಹೆಂಡತಿಯೂ ಓದಿದ್ದಳು, ಆ ಸಂದರ್ಭವನ್ನು ನಾನು ವಿವರಿಸುವುದಿಲ್ಲ.

ಇಂಥವಳಿಗೆ ಗಂಡನಾಗಿ ಬಂದವರು ಹೇಗಿರಬೇಕು ಹೇಳಿ? ಮಾಮಾ ಜಗತ್ತಿನಲ್ಲೇ ಕಡಿಮೆ ಮಾತಿನ ಮನುಷ್ಯ! ಅವರು ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ದೊಡ್ಡ ಪ್ರೆಸ್ ಯಂತ್ರಗಳ ನಡುವೆ ಕೆಲಸ ಮಾಡಿದವರು. ಅಲ್ಲಿ ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೂ ಕೇಳದು. ಹೆಬ್ಬೆರಳು ಎತ್ತಿದರೆ ಚಹಾ, ಮುಷ್ಟಿ ಹಿಡಿದರೆ ಯಂತ್ರ ನಿಲ್ಲಿಸು, ಹುಬ್ಬು ಎತ್ತಿದರೆ ಸೂಪರ್‌ವೈಸರ್ ಬಂದ. ಮನೆಗೆ ಬಂದ ಮೇಲೂ ಅವರಿಗೆ ಅಷ್ಟೇ ಸಾಕಾಗುತ್ತಿತ್ತು. ಹುಡುಗಿ ನೋಡಲು ಹೋದಾಗ ಹಿರಿಯರು ಒಪ್ಪಿಗೆಯೇ ಎಂದು ಕೇಳಿದರೆ ಮಾಮಾ "ಹ್ಞೂ" ಎಂದರಂತೆ. ಒಳಗಿನಿಂದ ಹುಡುಗಿಯ ದನಿ ಕೇಳಿತಂತೆ: "ಅವರು ಉಪ್ಪಿಟ್ಟು ತಿನ್ನೂಮುಂದ ಹ್ಞೂ ಅಂದ್ರೋ, ನನ್ನ ನೋಡಿ ಅಂದ್ರೋ, ಕೇಳ್ರಿ." ಮಾಮಾ ತಟ್ಟೆ ಕೆಳಗಿಟ್ಟು ಇನ್ನೊಮ್ಮೆ "ಹ್ಞೂ" ಎಂದರಂತೆ. ಮದುವೆಯಾಯಿತು.

ಆಮೇಲೆ ದಿನವೂ ಅದೇ ಜಗಳ. ಅವರದು ಒಂದು ಪದ, ಅವಳದು ಮೂರು ಪ್ರಶ್ನೆ. ಮಾಮಾ ಕಡಿಮೆ ಮಾತಿನವರೇ ಹೊರತು ತಗ್ಗುವವರಲ್ಲ. ಅವಳು ಪಡವಲಕಾಯಿ ಎಂದರೆ ಇವರು ಬದನೆಕಾಯಿ ತರುತ್ತಿದ್ದರು. ಅವಳು ಫ್ಯಾನು ಹಾಕಿದರೆ ಇವರು ತೆಗೆಯುತ್ತಿದ್ದರು. "ಇವರು ಒಂದ ದಿನ ನನ್ನ ಮಾತಿಗೆ ಹೌದು ಅಂದ್ರ ನಾ ಪೇಢೆ ಹಂಚ್ತೀನಿ" ಎಂದು ಆತ್ಯಾ ಬಂದವರೆದುರೆಲ್ಲ ಹೇಳುತ್ತಿದ್ದಳು.

ಹೋದ ವರ್ಷ ದೀಪಾವಳಿಗೆ ಸ್ವಲ್ಪ ಮೊದಲು ಮಾಮಾ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಹಾಗೇ ಕುಸಿದು ಕೂತರು. ಲಕ್ವಾ ಹೊಡೆದಿತ್ತು. ಬಲಗೈ ಬಲಗಾಲು ಸೋತವು. ಮೂರನೇ ದಿನ ಕಣ್ಣು ಬಿಟ್ಟು ನಮ್ಮನ್ನು ಗುರುತು ಹಿಡಿದರು. ಎಳೆಯ ಡಾಕ್ಟರೊಬ್ಬರು ಬಂದು ಮರಾಠಿಯಲ್ಲಿ "ಕಾಕಾ, ಇವತ್ತು ಯಾವ ವಾರ?" ಎಂದು ಕೇಳಿದರು.

"ಗುರುವಾರ" ಎಂದರು ಮಾಮಾ. ಅಂದು ಗುರುವಾರವೇ! ಡಾಕ್ಟರು ಖುಷಿಯಿಂದ ಕಾಗದದಲ್ಲಿ ಸರಿ ಗುರುತು ಹಾಕಿದರು. ನಾವೆಲ್ಲ ದೇವರಿಗೆ ಕೈಮುಗಿದೆವು.

"ನಿಮ್ಮ ಹೆಸರೇನು?"

"ಗುರುವಾರ."

"ಊರು?"

"ಗುರುವಾರ."

ಡಾಕ್ಟರು ಸರಿ ಗುರುತನ್ನು ಮೆಲ್ಲಗೆ ಹೊಡೆದುಹಾಕಿದರು. ಮಾಮಾನ ಮಾತೆಲ್ಲ ಹೋಗಿ ಈ ಒಂದೇ ಪದ ಉಳಿದಿತ್ತು. ಇಂಥವರಲ್ಲಿ ಕೆಲವರಿಗೆ ಹೀಗೆ ಯಾವುದೋ ಒಂದು ಪದ ಉಳಿದುಬಿಡುತ್ತದಂತೆ, ಇದೇ ಏಕೆ ಎಂದು ಹೇಳಲಾಗದಂತೆ. ಮರಾಠಿಯಲ್ಲೂ ಅದು ಗುರುವಾರವೇ, ಕನ್ನಡದಲ್ಲೂ ಗುರುವಾರವೇ. ಅವರು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಾರೆ ಎಂದೂ ನಮಗೆ ತಿಳಿಯಲಿಲ್ಲ. ತಲೆಯಾಡಿಸುವುದನ್ನಾದರೂ ನಂಬೋಣವೆಂದರೆ ನೀರು ಬೇಕೇ ಎಂದರೂ ಹೌದು, ಬೇಡವೇ ಎಂದರೂ ಹೌದು.

ಇದೇ ಏಕೆ ಎಂದು ಡಾಕ್ಟರಿಗೆ ಗೊತ್ತಿರಲಿಲ್ಲ, ಆತ್ಯಾಗೆ ಗೊತ್ತಿತ್ತು. ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಿಗೆ ವಾರದ ರಜೆ ಭಾನುವಾರವಲ್ಲ, ಗುರುವಾರ. ಆತ್ಯಾಳ ಶಾಲೆಗೆ ಭಾನುವಾರ. ಒಂದೇ ಮನೆಯಲ್ಲಿದ್ದ ಈ ಗಂಡ ಹೆಂಡತಿಗೆ ಸುಮಾರು ಮೂವತ್ತು ವರ್ಷ ಒಟ್ಟಿಗೆ ರಜೆ ಸಿಕ್ಕಿದ್ದು ಹಬ್ಬಹುಣ್ಣಿಮೆಗೆ, ಶಾಲೆಯ ಬೇಸಿಗೆ ರಜೆಯಲ್ಲಿ ಮಾತ್ರ. ಗುರುವಾರ ಮಾಮಾ ಒಬ್ಬರೇ ಮನೆಯಲ್ಲಿರುತ್ತಿದ್ದರು. ನಲ್ಲಿ ರಿಪೇರಿ ಮಾಡುತ್ತಿದ್ದರು, ಮಂಡಿಯಿಂದ ಕಾಯಿಪಲ್ಯ ತಂದು ಸೋಸಿ ಇಡುತ್ತಿದ್ದರು. ಸಂಜೆ ಶಾಲೆಯ ಗೇಟಿನ ಮುಂದೆ ಸ್ಕೂಟರು ನಿಲ್ಲಿಸಿಕೊಂಡು ನಿಂತಿರುತ್ತಿದ್ದರು. ಅವಳು ಬಂದರೆ ಒಂದು ಮಾತಾಡದೆ ಕಿಕ್ ಹೊಡೆಯುತ್ತಿದ್ದರು. ಬೇರೆ ದಿನ ಅವಳು ಬಸ್ಸಿನಲ್ಲಿ ಬರುತ್ತಿದ್ದಳು.

ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನವೇ ಆತ್ಯಾ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದಳು. ಮಾತು, ಸಂದರ್ಭ, ಅರ್ಥ. ಮೊದಲನೆಯ ಕಾಲಂ ತುಂಬುವ ಅಗತ್ಯವೇ ಇರಲಿಲ್ಲ. ಆದರೂ ಪ್ರತಿ ಸಾಲಿನಲ್ಲೂ ದುಂಡಗೆ "ಗುರುವಾರ" ಎಂದು ಬರೆದಳು. ಶಿಸ್ತು ಎಂದರೆ ಶಿಸ್ತು.

"ಗುರುವಾರ. ಮುಂಜಾನೆ, ಕಣ್ಣು ಕಿಟಕಿ ಕಡೆ. ಪರದೆ ಸರಿಸು."

"ಗುರುವಾರ. ಊಟದ ಹೊತ್ತು, ತುಟಿ ಬಿಗಿ. ಪಲ್ಯಕ್ಕೆ ಉಪ್ಪು ಕಡಿಮೆ."

"ಗುರುವಾರ. ಟಿವಿಯಲ್ಲಿ ಕ್ರಿಕೆಟ್, ಧ್ವನಿ ಎತ್ತರ. ಬರೆಯುವಂಥದ್ದಲ್ಲ."

ನಾನು ಮೊದಲು ನಕ್ಕೆ. ಆಮೇಲೆ ಎರಡು ದಿನ ಅಲ್ಲೇ ಕೂತು ನೋಡಿದೆ. ಅವಳು ಪರದೆ ಸರಿಸಿದರೆ ಮಾಮಾ ಸುಮ್ಮನಾಗುತ್ತಿದ್ದರು. ಉಪ್ಪು ಹಾಕಿದರೆ ಉಣ್ಣುತ್ತಿದ್ದರು. ಆದರೆ ಪಕ್ಕದ ಮನೆಯ ಜೋಶಿಕಾಕು ಬಂದಾಗ ಮಾಮಾ "ಗುರುವಾರ" ಎಂದದ್ದಕ್ಕೆ ಆತ್ಯಾ, "ನಿಮ್ಮ ಮೊಮ್ಮಗಳ ಪರೀಕ್ಷಾ ಹೆಂಗಾತು, ಇಂಜಿನಿಯರಿಂಗಿಗೆ ಹಚ್ಚಬ್ಯಾಡ್ರಿ, ಆಕಿಗೆ ಚಿತ್ರಕಲಾ ಛಲೋ ಬರ್ತದ ಅಂತ ಹೇಳ್ಲಿಕತ್ತಾರ" ಎಂದು ಮರಾಠಿಯಲ್ಲಿ ಅನುವಾದಿಸಿದಾಗ ನನಗೆ ಅನುಮಾನ ಬಂತು. ನಾಲ್ಕು ಅಕ್ಷರದಲ್ಲಿ ಇಷ್ಟೆಲ್ಲ ಹಿಡಿಸುತ್ತದೆಯೇ? ಇದೇ ಮಾತನ್ನು ಆತ್ಯಾ ಹಿಂದಿನ ವಾರ ನನ್ನೆದುರು ತಾನೇ ಹೇಳಿದ್ದಳು!

ಅನುಮಾನ ನನಗೊಬ್ಬಳಿಗೇ ಅಲ್ಲ. ಅವರ ಮಗಳು ವಿದ್ಯಾ ಯೆರವಡಾದ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಪ್ರತಿ ಸಂಜೆ ಬಂದು ಅಪ್ಪನ ಕಾಲು ತಿಕ್ಕುತ್ತಾಳೆ. ಅವಳು ಊರ ಹೊರಗೆ ಇಂಥವರಿಗಾಗಿಯೇ ಇರುವ ಒಂದು ಚಿಕಿತ್ಸಾ ಕೇಂದ್ರ ಹುಡುಕಿದ್ದಳು. ಅಲ್ಲೇ ಎರಡು ತಿಂಗಳು ಇರಬೇಕು. ಕೈಕಾಲಿಗೆ ವ್ಯಾಯಾಮ, ಮಾತಿಗೆ ದಿನವೂ ಅಭ್ಯಾಸ. ಮನೆಯವರು ಜೊತೆಗೆ ಉಳಿಯುವಂತಿಲ್ಲ, ವಾರಕ್ಕೊಮ್ಮೆ ಬಂದು ನೋಡಬಹುದು. ತಡವಾದಷ್ಟೂ ಮಾತು ಮರಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

"ಬ್ಯಾಡ. ಇವರಿಗೆ ಮನಸ್ಸಿಲ್ಲ" ಎಂದಳು ಆತ್ಯಾ. "ಮೊನ್ನೇನ ಕೇಳೀನಿ. ಬರೆದಿಟ್ಟೀನಿ ನೋಡು. ಗುರುವಾರ, ಸಂಜಿ ಮುಂದ, ಮಾರಿ ಸಣ್ಣ ಮಾಡಿ. ಹೋಗಂಗಿಲ್ಲ ಅಂತ ಅರ್ಥ."

ವಿದ್ಯಾ ನೋಟ್‌ಬುಕ್ಕು ತೆಗೆದುಕೊಂಡು ಒಂದೊಂದೇ ಹಾಳೆ ತಿರುವಿದಳು. ನಾಲ್ಕು ತಿಂಗಳಿನ ಬರಹ. ಅವಳು ಸಿಟ್ಟಿನಲ್ಲಿ ಇರಲಿಲ್ಲ, ಅದಕ್ಕೇ ಆ ಮಾತು ಹೆಚ್ಚು ನಾಟಿತು.

"ಅಮ್ಮಾ, ಇದರಾಗ ಅಪ್ಪಾ ಒಮ್ಮಿ ಸೈತ ನಿನ್ನ ಮಾತಿಗೆ ಇಲ್ಲ ಅಂದಿಲ್ಲ ನೋಡು."

ಆತ್ಯಾ ಏನೋ ಹೇಳಲು ಬಾಯಿ ತೆರೆದಳು.

"ಅಪ್ಪಾನ ಸ್ವಭಾವ ಇದೇನು? ನೀ ಪಡವಲಕಾಯಿ ಮಾಡಿದ್ರೂ ಛಲೋ ಅದ ಅಂತಾರಂತ ಬರೆದೀ. ಅವರು ಹಂಗ ಅಂತಾರೇನು? ಇದೆಲ್ಲಾ ನೀನ ಅಂದು, ನೀನ ಕೇಳಿದ್ದು. ಅಪ್ಪಾ ಎಲ್ಲಿದ್ದಾರ ಇದರಾಗ?"

ಆತ್ಯಾ ಮಗಳ ಮುಂದೆ ಕೈ ಚಾಚಿದಳು. ನೋಟ್‌ಬುಕ್ಕು ತನ್ನ ತೊಡೆಯ ಮೇಲಿಟ್ಟುಕೊಂಡು ಮೊದಲ ಪುಟದಿಂದ ಓದಿದಳು. ಕೆಂಪು ಪೆನ್ನು ತೆಗೆದು ಒಂದು ಸಾಲು ಹೊಡೆದಳು, ಇನ್ನೊಂದು ಸಾಲು ಹೊಡೆದಳು. ಪರದೆಯದನ್ನು ಉಳಿಸಿದಳು. ಉಪ್ಪಿನದನ್ನು ಉಳಿಸಿದಳು. ಪಡವಲಕಾಯಿ ಹೋಯಿತು, ಜೋಶಿಕಾಕುವಿನ ಮೊಮ್ಮಗಳು ಹೋದಳು. ಮುಕ್ಕಾಲು ಪಾಲು ನೋಟ್‌ಬುಕ್ಕು ಕೆಂಪಾಯಿತು. ನನಗೆ ನೋಡಲಾಗಲಿಲ್ಲ. ಮಕ್ಕಳ ಉತ್ತರಗಳನ್ನು ಅವಳು ಹೊಡೆಯುವಾಗ ಇಷ್ಟು ನಿಷ್ಠುರಳಾಗಿರಲಿಲ್ಲ.

ಆಮೇಲೆ ಸ್ಟೂಲು ಎಳೆದುಕೊಂಡು ಮಾಮಾನ ಮುಂದೆ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತಳು. ಎಂದೂ ಅವಳು ಪ್ರಶ್ನೆ ಕೇಳಿ ಉತ್ತರಕ್ಕೆ ಕಾದವಳಲ್ಲ, ಒಂದರ ಹಿಂದೆ ಇನ್ನೊಂದು ಕೇಳುವವಳು. ಅಂದು ಒಂದೇ ಪ್ರಶ್ನೆ ಕೇಳಿದಳು.

"ಏನ್ರಿ, ನೀವು ಎಲ್ಲೂ ಹೋಗೂದು ಬ್ಯಾಡ. ಮನ್ಯಾಗ ಇರ್ರಿ. ನಾ ಎಲ್ಲಾ ಮಾಡ್ತೀನಿ. ಇರ್ತೀರೇನು?"

ಕೇಳಿ ಕಾದಳು. ಬೀದಿಯಲ್ಲಿ ಕ್ಲಾಸು ಬಿಟ್ಟ ಮಕ್ಕಳ ಗಲಾಟೆ, ಸ್ಕೂಟರುಗಳ ಹಾರ್ನು. ಮಾಮಾ ಅವಳ ಮುಖ ನೋಡಿದರು. ಹುಬ್ಬು ಗಂಟಿಕ್ಕಿದರು.

"ಗುರುವಾರ!" ಎಂದರು. ಕುರ್ಚಿಯ ಕೈಯನ್ನು ಎಡಗೈಯಿಂದ ಫಟ್ಟನೆ ಬಡಿದರು.

ಬದನೆಕಾಯಿ ತಂದ ದಿನಗಳಲ್ಲಿ ಆ ಮುಖವನ್ನು ನಾವೆಲ್ಲ ನೋಡಿದ್ದೆವು. ಅನುವಾದ ಬೇಕಿರಲಿಲ್ಲ. ಆದರೂ ಆತ್ಯಾ ಅವಸರ ಮಾಡಲಿಲ್ಲ. ಅವರ ಸಿಟ್ಟು ತಣ್ಣಗಾಗುವವರೆಗೆ ಬಿಟ್ಟು, ದನಿ ತಗ್ಗಿಸಿ ಇನ್ನೊಂದು ಕೇಳಿದಳು.

"ಹಂಗಾರ ಅಲ್ಲಿಗೆ ಹೋಗ್ತೀರೇನು? ಎರಡು ತಿಂಗಳು. ನಾ ಇರಂಗಿಲ್ಲ ಅಲ್ಲೆ."

ಮಾಮಾ ಸೋತ ಬಲಗೈಯನ್ನು ನೋಡಿಕೊಂಡರು. ಬಾಯಿ ಎರಡು ಸಲ ಬೇರೆ ಏನನ್ನೋ ಹೇಳಲು ಹೊರಟು ತಿರುಗಿ ಬಂತು. ಕಣ್ಣಲ್ಲಿ ನೀರು ಬಂತು. ಕೊನೆಗೆ ತೀರ ಮೆತ್ತಗೆ, "ಗುರುವಾರ" ಎಂದರು.

ಆತ್ಯಾ ನಮ್ಮ ಕಡೆ ತಿರುಗಿದಳು. "ಹೋಗ್ತಾರಂತ" ಎಂದಳು. "ವಿದ್ಯಾ, ನಾಳೆ ಫೋನ್ ಮಾಡು ಅವರಿಗೆ. ಇವರು ನನ್ನ ಮಾತಿಗೆ ಇಲ್ಲ ಅಂದ್ರು, ನೋಡಿದಿರಲ್ಲ? ನಾಲ್ಕು ತಿಂಗಳಿಂದ ನಾ ಕೇಳಿಸಿಕೊಂಡಿರಲಿಲ್ಲ."

ಆಮೇಲೆ ಸೇರಿಸಿದಳು: "ನನ್ನ ಬಿಟ್ಟು ಹೋಗ್ಲಿಕ್ಕೆ ಮನಸ್ಸಿಲ್ಲಂತ. ಆದ್ರೂ ಹೋಗ್ತಾರಂತ."

ವಿದ್ಯಾ ಕಣ್ಣೊರೆಸಿಕೊಂಡು ನಕ್ಕಳು. "ಅಮ್ಮಾ, ಹೋಗ್ತಾರ ಅನ್ನೂದು ನಾವೂ ಕೇಳಿದ್ವಿ. ನಿನ್ನ ಬಿಟ್ಟು ಹೋಗ್ಲಿಕ್ಕೆ ಮನಸ್ಸಿಲ್ಲ ಅಂತ ಅಪ್ಪಾ ಯಾವಾಗ ಅಂದ್ರು? ಇದು ನಿಂದ."

ಆತ್ಯಾ ವಾದ ಮಾಡಲಿಲ್ಲ. "ಇರ್ಲಿ, ಚಹಾ ಮಾಡ್ತೀನಿ" ಎಂದು ಸ್ಟೂಲಿನಿಂದ ಎದ್ದಳು. ಎದ್ದವಳು ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಮಾಮಾನ ಎಡಗೈಯಲ್ಲಿ ಅವಳ ಸೆರಗು ಮುದ್ದೆಯಾಗಿ ಸಿಕ್ಕಿಕೊಂಡಿತ್ತು. ಯಾವಾಗ ಹಿಡಿದಿದ್ದರೋ, ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು.

ಆತ್ಯಾ ಸೆರಗು ಎಳೆದುಕೊಳ್ಳಲಿಲ್ಲ. ಮತ್ತೆ ಕೂತಳು. ನಾನು ಅಳು ತಡೆಯಲಾಗದೆ ಅಡುಗೆಮನೆಗೆ ಹೋಗಿ, ನಾಲ್ಕು ಜನಕ್ಕೆ ಚಹಾಕ್ಕೆ ನೀರಿಟ್ಟೆ.